ಕಟ್ಟಿನ ಹಿಂಬದಿ

ಇಂದಿನ ಚಿಂತನೆ: ಸಮ್ಯಕ್ ಆಜೀವ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಿರಿವಂತರ ಚಿತ್ರಗಳಿಗೆ ಕಟ್ಟು ಹಾಕುತ್ತಾನೆ. ಗಿರಾಕಿ ನೋಡುವುದು ಮುಂದಿನ ಚಿನ್ನದ ಬಣ್ಣ. ಚಿತ್ರದ ಆಯಸ್ಸಿರುವುದು ಹಿಂದೆ. ಅಗ್ಗದ ರಟ್ಟಿನ ಆಮ್ಲ ಕಾಗದವನ್ನು ಹಳದಿಯಾಗಿಸುತ್ತದೆ. ಗಾಜು ತಾಗಿದರೆ ತೇವಕ್ಕೆ ಫೋಟೋ ಅಂಟಿಕೊಳ್ಳುತ್ತದೆ. ಅದಕ್ಕೇ ಅವನು ಆಮ್ಲರಹಿತ ರಟ್ಟು ಇಡುತ್ತಾನೆ, ಗಾಜಿನ ಹಿಂದೆ ಸಂದು ಬಿಡುತ್ತಾನೆ. ಅಂಟು ಕೂಡ ಗೋಧಿ ಪಿಷ್ಟದ್ದು, ಮುಂದೆ ಯಾರಾದರೂ ತೇವ ಮಾಡಿ ಬಿಡಿಸಲಿ ಎಂದು.

ಇದ್ಯಾವುದೂ ಗಿರಾಕಿಗೆ ಕಾಣದು. ಅಗ್ಗದ್ದು ಹಾಕಿ ದುಬಾರಿ ಬಿಲ್ ಬರೆದರೂ ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ. ನಾವು ದಿನವೂ ಹೇಳುವ ಎರಡನೆಯ ಶೀಲ ಉಳಿಯುವುದೋ ಮುರಿಯುವುದೋ ಅಲ್ಲೇ, ಆ ರಟ್ಟಿನಲ್ಲಿ.

ಅಂದಹಾಗೆ, ನಿಮ್ಮ ಮನೆಯ ಬಾಬಾಸಾಹೇಬರ ಹಳೆಯ ಫೋಟೋ ಗಾಜಿಗೆ ಅಂಟಿದ್ದರೆ ಎಳೆದು ಕೀಳಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.