ಬಾಹ್ಯಾಕಾಶದಲ್ಲಿ ಡಿಕ್ಕಿಯಾದರೆ ತಪ್ಪು ಯಾರದು?

ರಸ್ತೆಯಲ್ಲಿ ಎರಡು ಬೈಕ್ ಡಿಕ್ಕಿಯಾದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಮೊದಲು ಜಗಳ, ಆಮೇಲೆ ಪೊಲೀಸು, ಕೊನೆಗೆ ಇನ್ಶೂರೆನ್ಸು. ಸಿಗ್ನಲ್ ಜಂಪ್ ಮಾಡಿದ್ದು ಯಾರು, ರಾಂಗ್ ಸೈಡಲ್ಲಿ ಬಂದಿದ್ದು ಯಾರು ಅಂತ ನೋಡಿ ತಪ್ಪು ತೀರ್ಮಾನ ಆಗುತ್ತೆ. ಅದೇ ಎರಡು ಉಪಗ್ರಹ ಡಿಕ್ಕಿಯಾದರೆ?

2009ರ ಫೆಬ್ರವರಿ 10ರಂದು ಹಾಗೇ ಆಯಿತು. ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಅಮೆರಿಕದ ಇರಿಡಿಯಂ-33 ಮತ್ತು ರಷ್ಯಾದ ಕಾಸ್ಮೋಸ್-2251 ಒಂದಕ್ಕೊಂದು ಬಡಿದವು. ಇರಿಡಿಯಂ ಕೆಲಸ ಮಾಡುತ್ತಿತ್ತು. ಕಾಸ್ಮೋಸ್ ಎಷ್ಟೋ ವರ್ಷಗಳ ಹಿಂದೆಯೇ ಕೆಟ್ಟು, ಸುಮ್ಮನೆ ಸುತ್ತುತ್ತಿತ್ತು. ಆದರೂ ಯಾವ ದೇಶವೂ ಅಂತರರಾಷ್ಟ್ರೀಯ ಕಾನೂನಿನಡಿ ಪರಿಹಾರ ಕೇಳಲಿಲ್ಲ. ಯಾಕೆ?

ಉತ್ತರ 1972ರ ಹೊಣೆಗಾರಿಕೆ ಒಪ್ಪಂದದಲ್ಲಿದೆ. ಅದರಲ್ಲಿ ಎರಡು ನಿಯಮಗಳಿವೆ.

ಒಂದು: ಉಪಗ್ರಹ ನೆಲಕ್ಕೆ ಬಿದ್ದು ಅಥವಾ ಹಾರುತ್ತಿರುವ ವಿಮಾನಕ್ಕೆ ಬಡಿದು ಹಾನಿಯಾದರೆ, ಉಡಾಯಿಸಿದ ದೇಶವೇ ಹೊಣೆ. ತಪ್ಪು ಸಾಬೀತು ಮಾಡಬೇಕಾಗಿಲ್ಲ. 1978ರಲ್ಲಿ ಪರಮಾಣು ರಿಯಾಕ್ಟರ್ ಇದ್ದ ಸೋವಿಯತ್ ಉಪಗ್ರಹ ಕಾಸ್ಮೋಸ್-954 ಕೆನಡಾದ ಉತ್ತರ ಭಾಗದಲ್ಲಿ ಚೂರುಚೂರಾಗಿ ಬಿತ್ತು. ಕೆನಡಾ ಸುಮಾರು 60 ಲಕ್ಷ ಕೆನಡಿಯನ್ ಡಾಲರ್ ಕೇಳಿತು. 1981ರಲ್ಲಿ 30 ಲಕ್ಷಕ್ಕೆ ಒಪ್ಪಂದವಾಯಿತು.

ಎರಡು: ಹಾನಿ ಬಾಹ್ಯಾಕಾಶದಲ್ಲೇ ಆದರೆ, ಎದುರಿನವರ ತಪ್ಪು ತೋರಿಸಬೇಕು. ಇಲ್ಲೇ ಸಮಸ್ಯೆ. 'ತಪ್ಪು' ಅಂದರೇನು ಅಂತ ಒಪ್ಪಂದ ಹೇಳಲ್ಲ. ಕೆಟ್ಟ ಉಪಗ್ರಹವನ್ನು ಕಕ್ಷೆಯಲ್ಲೇ ಬಿಟ್ಟಿದ್ದು ತಪ್ಪಾ? ಪಕ್ಕಕ್ಕೆ ಸರಿಯಬಹುದಿದ್ದ ಉಪಗ್ರಹ ಸರಿಯದೇ ಇದ್ದಿದ್ದು ತಪ್ಪಾ? ಮೇಲೆ ಸಿಗ್ನಲ್ಲೂ ಇಲ್ಲ, ರಾಂಗ್ ಸೈಡೂ ಇಲ್ಲ. 2007ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಕಸ ನಿಯಂತ್ರಣದ ಮಾರ್ಗಸೂಚಿಗಳಿವೆ ನಿಜ, ಆದರೆ ಪಾಲಿಸಲೇಬೇಕು ಅಂತೇನಿಲ್ಲ. ಹೋಗಲಿ, ಆ ಕಸವನ್ನು ನಾವೇ ಎತ್ತೋಣ ಅಂದರೆ ಅದೂ ಸುಲಭವಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಕೆಟ್ಟ ಮೇಲೂ ಉಪಗ್ರಹದ ಒಡೆತನ ಬದಲಾಗಲ್ಲ. ಬೇರೆ ದೇಶದ್ದನ್ನು ಮುಟ್ಟಲು ಅನುಮತಿ ಬೇಕು.

ಹಾಗಾದರೆ ಹೊಸ ಒಪ್ಪಂದ ಮಾಡಬಾರದಾ? ಬೇಕು ಅನ್ನುವವರಿದ್ದಾರೆ. ಎಲ್ಲ ದೇಶಗಳೂ ಒಪ್ಪುವ ಹೊತ್ತಿಗೆ ಕಕ್ಷೆ ತುಂಬಿಹೋಗುತ್ತೆ, ಅದಕ್ಕೇ ಪ್ರತಿ ದೇಶವೂ ತನ್ನ ಕಾನೂನು ಬಿಗಿ ಮಾಡಲಿ ಅನ್ನುವವರೂ ಇದ್ದಾರೆ. ಅಮೆರಿಕ 2022ರಲ್ಲಿ, ಕೆಳ ಕಕ್ಷೆಯ ಉಪಗ್ರಹಗಳನ್ನು ಕೆಲಸ ಮುಗಿದ 5 ವರ್ಷದೊಳಗೆ ತೆಗೆಯಬೇಕು ಅಂತ ನಿಯಮ ತಂದಿತು. ಹೆಚ್ಚಿನ ದೇಶಗಳು ಇಂಥದ್ದನ್ನು ಕಾನೂನಿನ ಕರ್ತವ್ಯ ಅಂತಲೇ ಪಾಲಿಸತೊಡಗಿದರೆ, ಮುಂದೆ ಅದೇ ರೂಢಿಗತ ಅಂತರರಾಷ್ಟ್ರೀಯ ಕಾನೂನು ಆಗಬಹುದು. ಆದರೆ ಮೊದಲೇ ಕಕ್ಷೆ ತುಂಬಿಸಿದವರ ಕಸಕ್ಕೆ ಈಗ ಬರುವವರು ಯಾಕೆ ಖರ್ಚು ಮಾಡಬೇಕು ಅನ್ನೋ ಪ್ರಶ್ನೆಯೂ ನ್ಯಾಯವಾದದ್ದೇ.

ಇದೆಲ್ಲ ನಮಗ್ಯಾಕೆ ಅಂತೀರಾ? 2010ರಲ್ಲಿ ಪಿಎಸ್‌ಎಲ್‌ವಿ ಹೊತ್ತೊಯ್ದ ಸ್ಟಡ್‌ಸ್ಯಾಟ್ ಕಟ್ಟಿದ್ದು ಬೆಂಗಳೂರು, ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ನಾಳೆ ನಾವು ಕಟ್ಟಿದ್ದು ಇನ್ನೊಂದಕ್ಕೆ ಬಡಿದರೆ, ಉತ್ತರ ಕೊಡಬೇಕಾದ್ದು ಕಾಲೇಜಲ್ಲ, ಭಾರತ ಸರ್ಕಾರ. ಖಾಸಗಿಯವರ ಕೆಲಸಕ್ಕೂ ಆಯಾ ದೇಶವೇ ಹೊಣೆ ಅನ್ನುತ್ತೆ 1967ರ ಒಪ್ಪಂದ. ಪುಟ್ಟ ಉಪಗ್ರಹಗಳಲ್ಲಿ ಹೆಚ್ಚಿನವಕ್ಕೆ ಥ್ರಸ್ಟರ್ ಇರಲ್ಲ, ತಪ್ಪಿಸಿಕೊಳ್ಳೋಕೆ ಆಗಲ್ಲ. ಅದಕ್ಕೇ ಗಾಳಿಯ ಎಳೆತದಿಂದ ತಾನಾಗೇ ಬಿದ್ದು ಉರಿದುಹೋಗುವಷ್ಟು ಕೆಳಗಿನ ಕಕ್ಷೆ ಆರಿಸೋದು ಒಂದು ದಾರಿ. ಕಾನೂನು 'ತಪ್ಪು' ಏನೆಂದು ಹೇಳುವ ತನಕ ಕಾಯೋದು ಬೇಡ. ಪ್ರಾಜೆಕ್ಟ್ ರಿವ್ಯೂನಲ್ಲಿ 'ಇದು ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತೆ?' ಅಂತ ನಾವೇ ಕೇಳಿಕೊಳ್ಳೋಣ.