ಉಬ್ಬಕ್ಷರದ ಶುಭಾಶಯ ಪತ್ರ

ಸಾದಲಿಯಲ್ಲಿ ನಿವೃತ್ತರಾಗಲಿದ್ದ ಉಪಾಧ್ಯಾಯರೊಬ್ಬರಿಗೆ ಕೈಯಿಂದಲೇ ಶುಭಾಶಯ ಪತ್ರವನ್ನು ಮಾಡಿಕೊಡಬೇಕೆಂದು ಕೆಲವು ವಿದ್ಯಾರ್ಥಿಗಳು ಸಂಕಲ್ಪಿಸಿದರು. ಅವರಲ್ಲಿದ್ದುದು ಮೂರೇ ದಪ್ಪ ಹಾಳೆಗಳು. ಮೊದಲನೆಯದರಲ್ಲಿ ಅಕ್ಷರಗಳ ಸುತ್ತಲೂ ಬಣ್ಣದ ಚುಕ್ಕೆಗಳು ಕರಗಿ ನಿಂತವು. ಎರಡನೆಯದು ಕಂದಿ ಮುರುಟಿತು. ಮೂರನೆಯದಕ್ಕೆ ಕೈಹಚ್ಚುವ ಮೊದಲು ತಪ್ಪೆಲ್ಲಿದೆಯೆಂದು ನಾವು ಅವರೊಡನೆ ಕುಳಿತು ವಿಚಾರಮಾಡಿದೆವು.

ವಿಧಾನವೇನೋ ಸರಳವಾದುದು. ರಬ್ಬರಿನ ಮೊಹರಿಗೆ ನಿಧಾನವಾಗಿ ಒಣಗುವ ಮಸಿಯನ್ನು ಹಚ್ಚಿ ಕಾಗದದ ಮೇಲೆ ಒತ್ತಬೇಕು. ಮಸಿ ಹಸಿಯಾಗಿರುವಾಗಲೇ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ, ಅಂಟದೆ ಉಳಿದುದನ್ನು ಕೊಡವಿ, ಕಾಯಿಸಬೇಕು. ಪುಡಿ ಕರಗಿ, ಆರಿದ ಮೇಲೆ ಅಕ್ಷರಗಳು ಉಬ್ಬಿ ಹೊಳೆಯುತ್ತವೆ. ಮಸಿಯಲ್ಲಿ ಗ್ಲಿಸರಿನ್ ಇದ್ದರೆ ಅದು ತೇವವನ್ನು ಹಿಡಿದಿಟ್ಟುಕೊಂಡು ನಮಗೆ ಕಾಲಾವಕಾಶ ನೀಡುತ್ತದೆ.

ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. ಲಕೋಟೆಯ ಮೇಲೆ ಅರಗನ್ನು ಕರಗಿಸಿ ಮುದ್ರೆಯೊತ್ತುವುದನ್ನು ಹಲವರು ಕಂಡಿದ್ದಾರೆ. ಮೈಸೂರಿನಲ್ಲಿ 1937ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ಮೊಹರಿನ ಅರಗನ್ನೂ ತಯಾರಿಸಿತು. ಚನ್ನಪಟ್ಟಣದ ಕುಶಲಕರ್ಮಿಯು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖದಿಂದಲೇ ಅರಗು ಮೆತ್ತಗಾಗಿ ಮರವನ್ನು ಆವರಿಸುತ್ತದೆ. ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆಗೂಡಿನ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆತ್ತಗಾಗಿ, ನೂಲು ಒಣಗಿದಾಗ ಮರಳಿ ಗಟ್ಟಿಯಾಗುತ್ತದೆ. ಅಲ್ಲಿ ನೀರೂ ಬೇಕು; ರಾಳಕ್ಕೆ ಶಾಖವೊಂದೇ ಸಾಕು.

ಇನ್ನು ಮೊದಲನೆಯ ಹಾಳೆ ಕೆಟ್ಟುದೇಕೆ? ಒಣ ಹವೆಯಲ್ಲಿ ಉಜ್ಜಾಟದಿಂದ ಕಾಗದದಲ್ಲಿ ಸ್ಥಿರ ವಿದ್ಯುತ್ತು ಸಂಗ್ರಹವಾಗುತ್ತದೆ. ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವಂತೆ ಅದು ಪುಡಿಯ ಕಣಗಳನ್ನು ಸೆಳೆದುಕೊಳ್ಳುತ್ತದೆ. ಬೆರಳಿನ ಜಿಡ್ಡೂ ಕಣಗಳನ್ನು ಹಿಡಿಯುತ್ತದೆ. ಆದುದರಿಂದ ಮುದ್ರೆಯೊತ್ತುವ ಮೊದಲೇ ಹಾಳೆಯ ಮೇಲೆ ಟಾಲ್ಕಂ ಪುಡಿಯನ್ನು ತೆಳ್ಳಗೆ ಸವರಬೇಕು. ಕಾಯಿಸುವ ಮೊದಲು ಒಣ ಕುಂಚದಿಂದ ಹೆಚ್ಚಿನ ಕಣಗಳನ್ನು ತೆಗೆಯಬೇಕು.

ಎರಡನೆಯ ಹಾಳೆಯ ದೋಷ ಶಾಖದ್ದು. ಇಂತಹ ಪುಡಿಗಳು ಸಾಮಾನ್ಯವಾಗಿ 100ರಿಂದ 150 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುತ್ತವೆ. ಕಾಗದವಾದರೋ 200 ಡಿಗ್ರಿ ದಾಟಿದರೆ ಬೇಗನೆ ಕಂದುತ್ತದೆ. ಒಂದು ಮಗ್ಗುಲು ಮೊದಲು ತೇವವನ್ನು ಕಳೆದುಕೊಂಡು ಕುಗ್ಗುವುದರಿಂದ ಹಾಳೆ ಮುರುಟುತ್ತದೆ. ಕೂದಲೊಣಗಿಸುವ ಯಂತ್ರದ ಗಾಳಿ ಪುಡಿಯನ್ನು ಹಾರಿಸಬಹುದು. ಆದ್ದರಿಂದ ಇಕ್ಕಳದಲ್ಲಿ ಹಿಡಿದ ಹಾಳೆಯನ್ನು ವಿದ್ಯುತ್ ಒಲೆಯ ಕಾದ ತಟ್ಟೆಯ ಮೇಲೆ, ತಾಗದಂತೆ ಎತ್ತರದಲ್ಲಿ ಆಡಿಸುವುದು ಲೇಸು. ಹಿರಿಯರು ಬಳಿಯಲ್ಲಿರಬೇಕು, ಕಿಟಕಿ ತೆರೆದಿರಬೇಕು.

ಅಕ್ಷರವು ಶಾಖದಿಂದ ಉಬ್ಬಿತೆಂದು ತಿಳಿಯುವುದು ತಪ್ಪು. ಕಣಗಳ ನಡುವಣ ಗಾಳಿ ಹೊರಬಿದ್ದು ಪದರದ ದಪ್ಪ ವಾಸ್ತವವಾಗಿ ಕಡಮೆಯಾಗುತ್ತದೆ. ಕರಗಿದ ರಾಳದ ಮೇಲ್ಮೈ ಎಳೆತವು ಏರುತಗ್ಗುಗಳನ್ನು ಸಮಮಾಡುವುದರಿಂದ ಹೊಳಪು ಬರುತ್ತದೆ. ಸ್ನಿಗ್ಧತೆಯು ಹೆಚ್ಚಾಗಿರುವುದರಿಂದ ರಾಳ ಹರಿದುಹೋಗದೆ, ಕಾಗದಕ್ಕಿಂತ ಎತ್ತರದಲ್ಲಿಯೇ ನಿಂತು ಗಟ್ಟಿಯಾಗುತ್ತದೆ. ಹೆಚ್ಚು ಕಾಯಿಸಿದರೆ ಸ್ನಿಗ್ಧತೆ ಇಳಿದು ರಾಳ ಕಾಗದದೊಳಕ್ಕೆ ಇಂಗುತ್ತದೆ. ಮಂಕಾದ ಪುಡಿ ಹೊಳೆದ ಕ್ಷಣವೇ ಶಾಖವನ್ನು ನಿಲ್ಲಿಸಬೇಕೆಂಬುದಕ್ಕೆ ಇದೇ ಕಾರಣ.

ಮೂರನೆಯ ಹಾಳೆಯಲ್ಲಿ ವಿದ್ಯಾರ್ಥಿಗಳು ಆ ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾದರು. ಒಂದು ಮೂಲೆಯಲ್ಲಿ ಹೊಳಪು ಮೂಡಿ ಅಕ್ಷರದಿಂದ ಅಕ್ಷರಕ್ಕೆ ಹಬ್ಬಿತು. ಪತ್ರವನ್ನು ಪಡೆದ ಉಪಾಧ್ಯಾಯರು ಮೊದಲು ಅದನ್ನು ಓದಲಿಲ್ಲ; ಬೆರಳಿನಿಂದ ಸವರಿ, “ಇದು ಹೇಗಾಯಿತು?” ಎಂದು ಕೇಳಿದರು. ಉತ್ತರಿಸಲು ಎಲ್ಲರೂ ಸಿದ್ಧರಿದ್ದರು.