ಶಾಲಾ ಸಿದ್ಧತೆ: ವ್ಯಾಖ್ಯೆ ಮತ್ತು ಮೌಲ್ಯಮಾಪನ

1. ಯುನಿಸೆಫ್‌ನ ಮೂರು ಆಯಾಮ: ಸಿದ್ಧ ಮಗು, ಸಿದ್ಧ ಶಾಲೆ, ಸಿದ್ಧ ಕುಟುಂಬ. ಮಗುವನ್ನಷ್ಟೇ ಅಳೆಯುವ ವ್ಯಾಖ್ಯೆ ಅಪೂರ್ಣ.

2. ಮಗುವಿನ ಐದು ಕ್ಷೇತ್ರ: ದೈಹಿಕ-ಚಲನಾ, ಸಾಮಾಜಿಕ-ಭಾವನಾತ್ಮಕ, ಕಲಿಕಾ ಮನೋಭಾವ, ಭಾಷೆ, ಅರಿವು. ಅಕ್ಷರ ಬರೆದರೆ ಸಾಕೆಂಬುದು ತಪ್ಪು.

3. ಮೌಲ್ಯಮಾಪನ: ಆಟದ ವೇಳೆ ವೀಕ್ಷಣೆ, ಮಗುವಿನ ಕೆಲಸಗಳ ಸಂಗ್ರಹ. ಉದ್ದೇಶ ನೆರವು, ಜರಡಿ ಹಿಡಿಯುವುದಲ್ಲ.
ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009, ಕಲಂ 13: ಪ್ರವೇಶಕ್ಕೆ ಮಗು ಅಥವಾ ಪೋಷಕರ ಆಯ್ಕೆ ಪರೀಕ್ಷೆ ನಿಷಿದ್ಧ. ದಂಡ: ಮೊದಲ ಬಾರಿ ₹25,000 ವರೆಗೆ, ನಂತರ ಪ್ರತಿ ಬಾರಿ ₹50,000 ವರೆಗೆ. ಇದನ್ನು ಮರೆಯಲೇಬೇಡಿ.

4. ಗೊಂದಲ ಬೇಡ:
- ಬಾಲವಾಟಿಕ: 1ನೇ ತರಗತಿಗೆ ಹಿಂದಿನ ವರ್ಷ.
- ವಿದ್ಯಾಪ್ರವೇಶ: 1ನೇ ತರಗತಿಯ ಆರಂಭದ 3 ತಿಂಗಳು, ಆಟಾಧಾರಿತ.
- ನಿಪುಣ್ ಭಾರತ್ (ಆರಂಭ 5 ಜುಲೈ 2021): 3ನೇ ತರಗತಿಯ ಅಂತ್ಯಕ್ಕೆ ಬುನಾದಿ ಸಾಕ್ಷರತೆ, ಸಂಖ್ಯಾಜ್ಞಾನ.

5. ಸಂವಿಧಾನದ ವಿಧಿ 45: 6 ವರ್ಷದವರೆಗಿನ ಆರೈಕೆ ಮತ್ತು ಶಿಕ್ಷಣ, ನಿರ್ದೇಶಕ ತತ್ವ. ವಿಧಿ 21ಎ: 6–14 ವರ್ಷದವರ ಶಿಕ್ಷಣ, ಮೂಲಭೂತ ಹಕ್ಕು. ಎರಡಕ್ಕೂ 86ನೇ ತಿದ್ದುಪಡಿ, 2002.